ಫ್ರಾನ್ಸ್‌ಗೆ ಹೋಗಿ ಪೇಸ್ಟ್ರಿ ಶೆಫ್ ಆಗುವುದು: ಇದ್ದ ಕೆಲಸ ಬಿಡುವ ಮೊದಲು ಮಾಡಬೇಕಾದ ಲೆಕ್ಕ

ಒಂದು ಚೆಂದದ ಎಕ್ಲೇರ್ (ಒಳಗೆ ಕ್ರೀಮು ತುಂಬಿದ ಉದ್ದನೆಯ ಪೇಸ್ಟ್ರಿ) ಮಾಡಬಲ್ಲವರು ಬಹಳ ಜನ ಸಿಗುತ್ತಾರೆ. ಬೆಳಿಗ್ಗೆ ಏಳರೊಳಗೆ ಒಂದೇ ಉದ್ದದ, ಒಂದೇ ಬಣ್ಣದ ಅರವತ್ತು ಎಕ್ಲೇರ್ ಮುಗಿಸಿ, ಮೇಜು ಒರೆಸಿ, ಮುಂದಿನ ಕೆಲಸಕ್ಕೆ ಕೈಹಾಕುವವರಿಗೆ ಸಂಬಳ ಸಿಗುತ್ತದೆ. ಹಾಗಾಗಿ ಶಾಲೆ ಆರಿಸುವಾಗ, ಊರು ಆರಿಸುವಾಗ, ದುಡ್ಡು ಹೊಂದಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ನನ್ನ ಕೈ ಒಂದೇ ಕೆಲಸವನ್ನು ಎಷ್ಟು ಸಲ ಮಾಡುತ್ತದೆ? ರೆಸಿಪಿ ಎಲ್ಲಿ ಬೇಕಾದರೂ ಸಿಗುತ್ತದೆ. ಕೈಗೆ ಅಭ್ಯಾಸವಾಗುವುದಕ್ಕೆ ಬೇಕಾದ ದಿನಗಳಿಗೆ ನೀವು ಶುಲ್ಕ ಕಟ್ಟುತ್ತಿದ್ದೀರಿ.

ಇಲ್ಲಿ ಬರೆದಿರುವುದು ಯುರೋಪಿನ ಹೊರಗಿನ ಪಾಸ್‌ಪೋರ್ಟ್ ಇಟ್ಟುಕೊಂಡು, ಈಗಾಗಲೇ ಬೇರೆ ವೃತ್ತಿಯಲ್ಲಿ ಹತ್ತಾರು ವರ್ಷ ಕಳೆದು, ಫ್ರಾನ್ಸ್‌ನಲ್ಲಿ ಕಲಿಯಬೇಕು ಎನ್ನುವವರಿಗೆ.

ಮೊದಲು ಮನೆಯಲ್ಲಿ ಹನ್ನೆರಡು ವಾರ

ರಾಜೀನಾಮೆ ಕೊಡುವ ಮುಂಚೆ ಹನ್ನೆರಡು ವಾರ ಒಂದೇ ತಿನಿಸನ್ನು ವಾರಕ್ಕೆರಡು ಸಲ ಮಾಡಿ. ವಾರಕ್ಕೊಂದು ಹೊಸ ಕೇಕ್ ಮಾಡುವುದು ಹವ್ಯಾಸ, ಅದರಿಂದ ಏನೂ ಗೊತ್ತಾಗುವುದಿಲ್ಲ. ಇದಕ್ಕೆ ‘ಶೂ’ (choux) ಹಿಟ್ಟು, ಅಂದರೆ ಎಕ್ಲೇರ್ ಮಾಡುವ ಹಿಟ್ಟು, ಒಳ್ಳೆಯದು. ಸಾಮಗ್ರಿ ಅಗ್ಗ, ತಪ್ಪುಗಳು ಕಣ್ಣಿಗೆ ಕಾಣುತ್ತವೆ.

ನೀರು 125 ಗ್ರಾಂ, ಹಾಲು 125, ಬೆಣ್ಣೆ 100, ಉಪ್ಪು 4, ಸಕ್ಕರೆ 5, ಮೈದಾ 150, ಮೊಟ್ಟೆ 240ರಿಂದ 260 ಗ್ರಾಂ. ಮೊಟ್ಟೆಯನ್ನೂ ತೂಗಿಯೇ ಹಾಕಬೇಕು, ಎಣಿಸಿ ಅಲ್ಲ. ಬೆಣ್ಣೆ ಪೂರ್ತಿ ಕರಗಿದ ಮೇಲೆ ನೀರು ಕುದಿಯಬೇಕು. ಅದಕ್ಕೇ ಬೆಣ್ಣೆಯನ್ನು ಸಣ್ಣ ತುಂಡು ಮಾಡಿ ಹಾಕುವುದು. ದೊಡ್ಡ ಗಡ್ಡೆ ಕರಗುವಷ್ಟರಲ್ಲಿ ನೀರು ಆವಿಯಾಗಿ ಅಳತೆ ಕೆಡುತ್ತದೆ. ಒಲೆಯಿಂದ ಇಳಿಸಿ ಹಿಟ್ಟನ್ನೆಲ್ಲ ಒಮ್ಮೆಗೇ ಸುರಿದು ಕಲಸಿ, ಮತ್ತೆ ಒಲೆಗೆ ಇಟ್ಟು ಪಾತ್ರೆಯ ತಳದಲ್ಲಿ ತೆಳ್ಳನೆ ಪೊರೆ ಕಟ್ಟುವವರೆಗೆ ಬಾಡಿಸಿ. ಸ್ವಲ್ಪ ಆರಿದ ಮೇಲೆ ಮೊಟ್ಟೆಯನ್ನು ನಾಲ್ಕೈದು ಕಂತಿನಲ್ಲಿ ಸೇರಿಸಿ. ಕೊನೆಯ 20 ಗ್ರಾಂ ಬೇಕೋ ಬೇಡವೋ ಎಂಬುದನ್ನು ಹಿಟ್ಟೇ ಹೇಳುತ್ತದೆ: ಸೌಟು ಎತ್ತಿದಾಗ ಹಿಟ್ಟು ತ್ರಿಕೋನದ ಹಾಗೆ ಜೋತು ನಿಲ್ಲಬೇಕು. ತೊಟ್ಟಿಕ್ಕಿದರೆ ಜಾಸ್ತಿಯಾಯಿತು.

ಇದರಲ್ಲಿ 14 ಸೆಂ.ಮೀ. ಉದ್ದದ ಎಕ್ಲೇರ್ ಹದಿನೆಂಟರ ಆಸುಪಾಸು ಬರುತ್ತವೆ. 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಬೇಯಿಸಿ, ಮೊದಲ 25 ನಿಮಿಷ ಓವನ್ ಬಾಗಿಲು ಮುಟ್ಟಬೇಡಿ. ಚಪ್ಪಟೆಯಾದರೆ ಮೊಟ್ಟೆ ಹೆಚ್ಚಾಗಿದೆ, ಇಲ್ಲವೇ ಹಿಟ್ಟು ಸಾಕಷ್ಟು ಬಾಡಿಲ್ಲ. ಉಬ್ಬಿ ಆಮೇಲೆ ಕುಸಿದರೆ ಗೋಡೆ ಒಣಗುವ ಮುಂಚೆ ಹೊರಗೆ ತೆಗೆದಿದ್ದೀರಿ. ಅಡ್ಡಾದಿಡ್ಡಿ ಸೀಳಿದ್ದರೆ ಹಿಟ್ಟು ಗಟ್ಟಿಯಾಗಿತ್ತು, ಇಲ್ಲವೇ ಚೀಲ ಒತ್ತುವಾಗ ಕೈ ಒಂದೇ ಸಮ ನಡೆದಿಲ್ಲ.

ಬೆಂದ ಮೇಲೆ ಒಂದೊಂದನ್ನೂ ಅಳೆದು, ತೂಗಿ, ಬರೆದಿಡಿ. ಮೊದಲ ವಾರ ಅತಿ ಚಿಕ್ಕದಕ್ಕೂ ಅತಿ ದೊಡ್ಡದಕ್ಕೂ 10 ಗ್ರಾಂ ವ್ಯತ್ಯಾಸ ಬಂದರೆ ಬೇಸರ ಬೇಡ. ಹನ್ನೆರಡನೇ ವಾರಕ್ಕೆ ಅದು 3 ಗ್ರಾಂಗೆ ಇಳಿದಿರಬೇಕು, ಪಾತ್ರೆ ತೊಳೆಯುವುದೂ ಸೇರಿ ಕೆಲಸ ಎರಡು ಗಂಟೆಯೊಳಗೆ ಮುಗಿಯಬೇಕು. ಅಂಕಿ ಇಳಿಯುವುದನ್ನು ನೋಡುವುದರಲ್ಲಿ ನಿಮಗೆ ಖುಷಿ ಸಿಕ್ಕರೆ ಈ ಕೆಲಸ ನಿಮಗೆ ಒಗ್ಗುತ್ತದೆ. ಎಂಟನೇ ವಾರಕ್ಕೇ ಎಕ್ಲೇರ್ ಮುಖ ನೋಡಲು ಬೇಜಾರಾದರೆ ಟಿಕೆಟ್ ದುಡ್ಡು ಉಳಿಯಿತು ಅಂದುಕೊಳ್ಳಿ.

ಜೊತೆಗೆ ಯಾವುದಾದರೂ ಬೇಕರಿಯಲ್ಲಿ, ಸಂಬಳವಿಲ್ಲದಿದ್ದರೂ ಸರಿ, ಮೂರ್ನಾಲ್ಕು ವಾರ ನಸುಕಿನ ಪಾಳಿ ಮಾಡಿ ನೋಡಿ. ಎಂಟು ಗಂಟೆ ನಿಂತೇ ಇರುವುದು, 25 ಕೆ.ಜಿ. ಹಿಟ್ಟಿನ ಚೀಲ ಎತ್ತುವುದು, ಶೀತಲ ಕೋಣೆಗೂ ಓವನ್‌ಗೂ ಓಡಾಡುವುದು ಹೇಗಿರುತ್ತದೆ ಎಂದು ಬೆನ್ನಿಗೆ ಮೊದಲೇ ತಿಳಿಯಲಿ. ಉಬ್ಬಸ ಅಥವಾ ಧೂಳಿನ ಅಲರ್ಜಿ ಇದ್ದವರು ಈ ಹಂತದಲ್ಲೇ ವೈದ್ಯರನ್ನು ಕಾಣಿ. ಹಿಟ್ಟಿನ ಧೂಳಿನಿಂದ ಬರುವ ಆಸ್ತಮಾ ಈ ವೃತ್ತಿಯ ಹಳೆಯ ಕಾಯಿಲೆ; ಫ್ರಾನ್ಸ್‌ನ ವೃತ್ತಿ ಕಾಯಿಲೆಗಳ ಪಟ್ಟಿಯಲ್ಲೂ ಅದಿದೆ. ಮೊಟ್ಟೆ, ಜಿಲಾಟಿನ್, ಮದ್ಯ ಮುಟ್ಟದವರು ಇನ್ನೊಂದು ವಿಷಯ ಯೋಚಿಸಬೇಕು. ಅಲ್ಲಿ ಮಾಡಿದ್ದನ್ನೆಲ್ಲ ರುಚಿ ನೋಡುವುದು ಕೆಲಸದ ಭಾಗ, ಹಾಳೆ ಜಿಲಾಟಿನ್ ಹೆಚ್ಚಾಗಿ ಹಂದಿಯದು. ಏನು ಮಾಡುತ್ತೀರಿ ಎಂಬುದನ್ನು ಹೋಗುವ ಮುಂಚೆಯೇ ತೀರ್ಮಾನಿಸಿ, ಶಾಲೆಗೂ ತಿಳಿಸಿ.

ಯಾವ ಕಾಗದ ಬೇಕು

ಫ್ರಾನ್ಸ್‌ನಲ್ಲಿ ಪೇಸ್ಟ್ರಿ ಕಲಿತೆ ಎನ್ನಲು ಎರಡು ಬಗೆಯ ಕಾಗದಗಳಿವೆ. ಒಂದು, ಸರ್ಕಾರ ಕೊಡುವ ಸಿಎಪಿ ಪಾತಿಸಿಯೇ, ಅಂದರೆ ಪೇಸ್ಟ್ರಿ ವೃತ್ತಿಯ ಮೊದಲ ಹಂತದ ಪ್ರಮಾಣಪತ್ರ. ಇನ್ನೊಂದು, ಖಾಸಗಿ ಶಾಲೆಗಳು ತಮ್ಮದೇ ಹೆಸರಲ್ಲಿ ಕೊಡುವ ಡಿಪ್ಲೊಮಾ. 1895ರಲ್ಲಿ ಶುರುವಾದ ಲ ಕೊರ್ದೋಂ ಬ್ಲ್ಯೂ ಎಂಬ ಅಡುಗೆ ಶಾಲೆ ಪ್ಯಾರಿಸ್‌ನಲ್ಲಿ ಪಾಠವನ್ನು ಇಂಗ್ಲಿಷಿಗೆ ಅನುವಾದಿಸಿ ಹೇಳುತ್ತದೆ. ಫೆರಾಂದಿ ಎಂಬ ಶಾಲೆಯಲ್ಲೂ ಇಂಗ್ಲಿಷ್ ಮಾಧ್ಯಮದ ತೀವ್ರ ತರಬೇತಿ ಇದೆ. ಇಸ್ಸಂಜೋ ಎಂಬ ಚಿಕ್ಕ ಊರಿನಲ್ಲಿ ಪೇಸ್ಟ್ರಿಗೆಂದೇ ಇರುವ ರಾಷ್ಟ್ರೀಯ ಶಾಲೆ ಈಗ ಹೆಸರಾಂತ ಶೆಫ್ ದ್ಯುಕಾಸ್ ಅವರ ಹೆಸರಿನ ಶಾಲೆಗಳ ಸಮೂಹದಲ್ಲಿದೆ. ರುವಾಂ ನಗರದಲ್ಲಿರುವ ಐಎನ್‌ಬಿಪಿ ಬ್ರೆಡ್ಡು ಮತ್ತು ಪೇಸ್ಟ್ರಿ ಎರಡನ್ನೂ ಕಲಿಸುವ ಹಳೆಯ ಸಂಸ್ಥೆ.

ಕಲಿತು ಬೇರೆ ದೇಶದಲ್ಲಿ ಅಂಗಡಿ ತೆರೆಯುವ ಅಥವಾ ಹೋಟೆಲ್ ಸೇರುವ ಯೋಚನೆಯಿದ್ದರೆ ಖಾಸಗಿ ಡಿಪ್ಲೊಮಾ ಸಾಕು. ಭಾಷೆಯ ಕಷ್ಟ ಕಡಿಮೆ, ಸಮಯವೂ ಕಡಿಮೆ, ದುಡ್ಡು ಜಾಸ್ತಿ. ಫ್ರಾನ್ಸ್‌ನಲ್ಲೇ ಕೆಲಸ ಮಾಡಬೇಕೆಂದರೆ ಸಿಎಪಿ ಬೇಕು. ಅಂಗಡಿ ಮಾಲೀಕರು ಅರ್ಜಿಯಲ್ಲಿ ಮೊದಲು ಹುಡುಕುವುದು ಆ ಮೂರು ಅಕ್ಷರಗಳನ್ನೇ. ಅಲ್ಲಿ ಸ್ವಂತ ಪೇಸ್ಟ್ರಿ ಅಂಗಡಿ ಇಡುವುದಕ್ಕೂ ಸಿಎಪಿ ಅಥವಾ ಮೂರು ವರ್ಷದ ಕೆಲಸದ ಅನುಭವ ಕಾನೂನಿನಂತೆ ಬೇಕು.

ಸಿಎಪಿ ಹದಿಹರೆಯದವರಿಗೆ ಎರಡು ವರ್ಷದ ಓದು. ವೃತ್ತಿ ಬದಲಿಸುವ ವಯಸ್ಕರಿಗೆ ಅದನ್ನೇ ಒಂದು ವರ್ಷಕ್ಕೆ ಅಥವಾ ಅದಕ್ಕೂ ಕಡಿಮೆಗೆ ಕುಗ್ಗಿಸಿ ಕಲಿಸುವ ಶಾಲೆಗಳಿವೆ. ಪರೀಕ್ಷೆಯಲ್ಲಿ ಎರಡು ಪ್ರಾಯೋಗಿಕ ಭಾಗ. ಒಂದರಲ್ಲಿ ಪದರದ ಹಿಟ್ಟು, ಬಿಸ್ಕತ್ತಿನಂಥ ಸಣ್ಣ ತಿನಿಸು ಮತ್ತು ಕೆಲವು ದಿನ ಉಳಿಯುವ ಕೇಕ್. ಇನ್ನೊಂದರಲ್ಲಿ ಕ್ರೀಮು, ನೊರೆಯಂತೆ ಹಗುರವಾದ ಮೂಸ್ ತುಂಬಿದ ಪದರದ ಕೇಕ್ ಮತ್ತು ಬಿಡಿ ಗಾತ್ರದ ಪೇಸ್ಟ್ರಿ. ಇದರ ಮೇಲೆ ಫ್ರೆಂಚ್, ಗಣಿತ ಮುಂತಾದ ಸಾಮಾನ್ಯ ವಿಷಯಗಳಿವೆ. ಫ್ರಾನ್ಸ್‌ನಲ್ಲಿ ಪಡೆದ ಪದವಿ ಇದ್ದವರಿಗೆ ಇವುಗಳಿಂದ ವಿನಾಯಿತಿ ಉಂಟು. ನಿಮ್ಮ ಪದವಿ ಎಷ್ಟೇ ದೊಡ್ಡದಿದ್ದರೂ ಯುರೋಪಿನ ಹೊರಗಿನದಾದರೆ ವಿನಾಯಿತಿ ಸಿಕ್ಕೇ ಸಿಗುತ್ತದೆಂದು ನಂಬಿ ಕೂರಬೇಡಿ. ದಾಖಲಾಗುವ ಮುಂಚೆ ಶಾಲೆಯಿಂದ ಬರಹದಲ್ಲೇ ಉತ್ತರ ತರಿಸಿಕೊಳ್ಳಿ.

ಇನ್ನು ಅಂತರ್ಜಾಲದಲ್ಲಿ ಎಲ್ಲರೂ ಹೇಳುವ ಅಗ್ಗದ ದಾರಿ: ಕಾಂದಿದಾ ಲೀಬ್ರ್, ಅಂದರೆ ಶಾಲೆಗೆ ಸೇರದೆ ಖಾಸಗಿಯಾಗಿ ಪರೀಕ್ಷೆ ಕಟ್ಟುವುದು. ನೋಂದಣಿಗೆ ದುಡ್ಡಿಲ್ಲ, ಶರತ್ಕಾಲದಲ್ಲಿ ಹೆಸರು ಬರೆಸಿ ಬೇಸಿಗೆಯ ಹೊತ್ತಿಗೆ ಪರೀಕ್ಷೆ ಬರೆಯಬಹುದು. ಇದು ಈಗಾಗಲೇ ಫ್ರಾನ್ಸ್‌ನಲ್ಲಿ ವಾಸದ ಹಕ್ಕಿರುವವರಿಗೆ ಚೆನ್ನಾಗಿ ಹೊಂದುತ್ತದೆ. ಹೊರಗಿನಿಂದ ಬರುವವರಿಗೆ ಎರಡು ಕಡೆ ಗಂಟು ಬೀಳುತ್ತದೆ. ಶಾಲೆಯ ದಾಖಲಾತಿ ಇಲ್ಲದೆ ವಿದ್ಯಾರ್ಥಿ ವೀಸಾ ಇಲ್ಲ. ಪರೀಕ್ಷೆಗೆ ಕೂರಲು 14 ವಾರ ಅಂಗಡಿಯಲ್ಲಿ ಕೆಲಸ ಕಲಿತ ಪ್ರಮಾಣಪತ್ರ ಬೇಕು. ಆ ತರಬೇತಿಗೆ, ಅಂದರೆ ಸ್ತಾಜ್‌ಗೆ, ಶಾಲೆಯೂ ಸಹಿ ಹಾಕಿದ ಒಪ್ಪಂದ ಪತ್ರವಿಲ್ಲದೆ ಯಾವ ಅಂಗಡಿಯವರೂ ಒಳಗೆ ಬಿಡುವುದಿಲ್ಲ. ಸಂಬಳ ಪಡೆಯುತ್ತಾ ಕಲಿಯುವ ಅಪ್ರೆಂಟಿಸ್ ದಾರಿ ಸಾಮಾನ್ಯವಾಗಿ 29 ವರ್ಷದವರೆಗಿನವರಿಗೆ.

ಇದಕ್ಕಿಂತ ದೊಡ್ಡ ಸಂಗತಿಯೊಂದಿದೆ. ಅದನ್ನು ಶಾಲೆಯ ಮಾಹಿತಿ ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಯಾರೂ ಅಚ್ಚು ಹಾಕುವುದಿಲ್ಲ. ಓದು ಮುಗಿದ ಮೇಲೆ ಉದ್ಯೋಗ ಹುಡುಕಲು ಕೊಡುವ ವಾಸದ ಪರವಾನಗಿ ಸ್ನಾತಕೋತ್ತರ, ವೃತ್ತಿಪರ ಪದವಿಯಂಥ ಮೇಲಿನ ಹಂತದ ಓದಿನವರಿಗೆ. ಸಿಎಪಿಗೆ ಅದು ಸಿಗುವುದಿಲ್ಲ. ಹಾಗಾಗಿ ವಿದ್ಯಾರ್ಥಿ ಪರವಾನಗಿ ಮುಗಿಯುವುದರೊಳಗೆ ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳಲು, ನಿಮಗಾಗಿ ಕೆಲಸದ ಅನುಮತಿಗೆ ಅರ್ಜಿ ಹಾಕಲು ಒಪ್ಪುವ ಮಾಲೀಕರೊಬ್ಬರು ಸಿಗಬೇಕು. ಆ ಕೆಲಸ ಕೊರತೆಯ ವೃತ್ತಿಗಳ ಪಟ್ಟಿಯಲ್ಲಿ ಇಲ್ಲದಿದ್ದರೆ ಅವರು ಮೊದಲು ಮೂರು ವಾರ ಜಾಹೀರಾತು ಕೊಟ್ಟು, ಸ್ಥಳೀಯರು ಸಿಗಲಿಲ್ಲ ಎಂದು ತೋರಿಸಬೇಕಾಗುತ್ತದೆ. ಸಣ್ಣ ಅಂಗಡಿಯವರಿಗೆ ಈ ಕಾಗದಪತ್ರದ ತಲೆನೋವು ಬೇಡ. ಕೆಲಸಗಾರರು ಸಿಗದೆ ಒದ್ದಾಡುತ್ತಿರುವ ದೊಡ್ಡ ಅಡುಗೆಮನೆ, ಹೋಟೆಲ್‌ಗಳು ಒಪ್ಪುವ ಸಾಧ್ಯತೆ ಹೆಚ್ಚು. ಸ್ತಾಜ್ ಎಲ್ಲಿ ಮಾಡಬೇಕೆಂದು ಆರಿಸುವಾಗಲೇ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ವೀಸಾ, ಮನೆ, ದುಡ್ಡು

ಸೆಪ್ಟೆಂಬರ್‌ನಲ್ಲಿ ತರಗತಿ ಶುರುವಾಗುವುದಾದರೆ ಹಿಂದಿನ ವರ್ಷದ ಅಕ್ಟೋಬರ್‌ನಲ್ಲೇ ಕೆಲಸ ಆರಂಭಿಸಿ. ಶಾಲೆಯ ಪ್ರವೇಶ ಪತ್ರ, ಕಾಂಪ್ಯುಸ್ ಫ್ರಾನ್ಸ್ (ವಿದೇಶಿ ವಿದ್ಯಾರ್ಥಿಗಳಿಗಾಗಿ ಫ್ರಾನ್ಸ್ ಸರ್ಕಾರ ನಡೆಸುವ ಸಂಸ್ಥೆ) ಕಡತ ಮತ್ತು ಸಂದರ್ಶನ, ಆಮೇಲೆ ದೀರ್ಘಾವಧಿ ವಿದ್ಯಾರ್ಥಿ ವೀಸಾ, ಹೀಗೆ ಒಂದು ಆದ ಮೇಲೆ ಒಂದು ನಡೆಯುವುದರಿಂದ ಮಧ್ಯೆ ಒಂದು ನಿಂತರೆ ಎಲ್ಲವೂ ನಿಲ್ಲುತ್ತದೆ. ಸಂದರ್ಶನದಲ್ಲಿ ಕೇಳುವುದು ಒಂದೇ: ಈ ವಯಸ್ಸಿನಲ್ಲಿ ಕೆಳಗಿನ ಹಂತದ ಡಿಪ್ಲೊಮಾ ಏಕೆ? ‘ಬೇಕಿಂಗ್ ಎಂದರೆ ಪ್ರಾಣ’ ಎನ್ನುವ ಉತ್ತರ ಎಲ್ಲರೂ ಕೊಡುತ್ತಾರೆ. ಬೇಕರಿಯಲ್ಲಿ ಮಾಡಿದ ನಸುಕಿನ ಪಾಳಿಯ ಪತ್ರ, ಮುಂದಿನ ಮೂರು ವರ್ಷದ ಲೆಕ್ಕ, ಹಳೆಯ ವೃತ್ತಿ ಇದಕ್ಕೆ ಹೇಗೆ ಉಪಯೋಗ ಎಂಬ ಎರಡು ವಾಕ್ಯ, ಇವು ಕೈಯಲ್ಲಿರಲಿ.

ವೀಸಾಗೆ ತಿಂಗಳಿಗೆ ಕನಿಷ್ಠ 615 ಯೂರೊ ಇದೆಯೆಂದು ತೋರಿಸಬೇಕು. ಅದು ಕಾಗದದ ಮೇಲಿನ ಅಂಕಿ; ಪ್ಯಾರಿಸ್‌ನಲ್ಲಿ ಅಷ್ಟೂ ಒಂದು ಕೋಣೆಯ ಬಾಡಿಗೆಗೇ ಹೋಗಿಬಿಡಬಹುದು. ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 964 ಗಂಟೆ ಸಂಬಳದ ಕೆಲಸ ಮಾಡಲು ಬಿಡುತ್ತಾರೆ. ಆದರೆ ಬೆಳಿಗ್ಗೆ ಐದಕ್ಕೆ ಎದ್ದು ಪ್ರಾಯೋಗಿಕ ತರಗತಿ ಮುಗಿಸಿದವರಿಗೆ ಸಂಜೆ ಮತ್ತೊಂದು ಕೆಲಸಕ್ಕೆ ಹೋಗುವ ತ್ರಾಣ ಉಳಿಯುವುದು ಅಪರೂಪ. ಆ ಆದಾಯ ನಂಬಿಕೊಂಡು ಲೆಕ್ಕ ಹಾಕಬೇಡಿ. ಮುಂದೆ ಕೆಲಸ ಸಿಕ್ಕಾಗಲೂ ಆರಂಭದ ಸಂಬಳ ಕನಿಷ್ಠ ವೇತನದ ಹತ್ತಿರವೇ ಇರುತ್ತದೆ. 2025ರಲ್ಲಿ ಅದು ಕಡಿತಕ್ಕೆ ಮುಂಚೆ ಗಂಟೆಗೆ 11.88 ಯೂರೊ ಇತ್ತು, ವಾರಕ್ಕೆ 35 ಗಂಟೆ ದುಡಿದರೆ ಕೈಗೆ ಬರುತ್ತಿದ್ದದ್ದು ತಿಂಗಳಿಗೆ 1,426 ಯೂರೊ ಆಸುಪಾಸು. ಹಳೆಯ ಸಂಬಳದ ಜೊತೆ ಇದನ್ನು ಹೋಲಿಸುವ ಕೆಲಸ ಈಗಲೇ ಮುಗಿಸಿಕೊಳ್ಳಿ.

ಬಂದಿಳಿದ ಮೂರು ತಿಂಗಳೊಳಗೆ ವೀಸಾವನ್ನು ಆನ್‌ಲೈನ್‌ನಲ್ಲಿ ಊರ್ಜಿತಗೊಳಿಸಬೇಕು. ಮರೆತರೆ ವಾಸ ಅಕ್ರಮವಾಗುತ್ತದೆ, ಮೊದಲ ವಾರದಲ್ಲೇ ಮಾಡಿ ಮುಗಿಸಿ. ಜನನ ಪ್ರಮಾಣಪತ್ರವನ್ನು ಪ್ರಮಾಣಿತ ಅನುವಾದಕರಿಂದ ಫ್ರೆಂಚ್‌ಗೆ ಮಾಡಿಸಿ ಎರಡು ಮೂರು ಪ್ರತಿ ಇಟ್ಟುಕೊಳ್ಳಿ, ಆರೋಗ್ಯ ವಿಮೆಯ ನೋಂದಣಿಯಿಂದ ಹಿಡಿದು ಎಲ್ಲ ಕಡೆ ಕೇಳುತ್ತಾರೆ.

ಮನೆ ಬಾಡಿಗೆಗೆ ಜಾಮೀನುದಾರರು ಬೇಕು. ವಿಸಾಲ್ ಎಂಬ ಉಚಿತ ಜಾಮೀನು ವಿದ್ಯಾರ್ಥಿಗಳಿಗೆ 30ರ ವಯಸ್ಸಿನವರೆಗೆ ಸಿಗುತ್ತದೆ. ವೃತ್ತಿ ಬದಲಿಸುವವರಲ್ಲಿ ಹೆಚ್ಚಿನವರು ಆ ಗಡಿ ದಾಟಿರುತ್ತಾರೆ. ಅಂಥವರು ‘ಬಾಯ್ ಮೊಬಿಲಿತೆ’ ಎಂಬ ಬಾಡಿಗೆ ಕರಾರನ್ನು ಕೇಳಿ. ತರಬೇತಿ, ಸ್ತಾಜ್‌ಗೆ ಬಂದವರಿಗೆಂದೇ ಇರುವ ಇದು 1ರಿಂದ 10 ತಿಂಗಳ ಅವಧಿಯದು, ಪೀಠೋಪಕರಣ ಸಮೇತ ಮನೆ, ಮುಂಗಡ ಠೇವಣಿ ಕೇಳುವಂತಿಲ್ಲ. ಮನೆ ಎಲ್ಲಿ ಮಾಡಬೇಕೆಂಬುದಕ್ಕೆ ಒಂದೇ ಸೂತ್ರ: ಪ್ಯಾರಿಸ್ ಮೆಟ್ರೊ ಹೊರಡುವುದು ಐದೂವರೆ ಹೊತ್ತಿಗೆ, ನಿಮ್ಮ ಪಾಳಿ ಶುರುವಾಗುವುದು ಹಲವು ಕಡೆ ಅದಕ್ಕೂ ಮುಂಚೆ. ನಡೆದು ಅಥವಾ ಸೈಕಲ್‌ನಲ್ಲಿ ಹೋಗುವಷ್ಟು ದೂರವಿರಲಿ.

ಫ್ರೆಂಚ್ ಎಷ್ಟು ಬೇಕು? ಸಿಎಪಿಗೆ ಬಿ1, ಅಂದರೆ ದಿನದ ಮಾತುಕತೆ ನಿಭಾಯಿಸುವ ಮಧ್ಯಮ ಮಟ್ಟದ ಭಾಷೆ, ಇಲ್ಲದೆ ಹೋಗಬೇಡಿ. ಪರೀಕ್ಷೆಯಲ್ಲಿ ತೀರ್ಪುಗಾರರು ‘ಈ ಕ್ರೀಮನ್ನು ಏಕೆ ಹೀಗೆ ತಣಿಸಿದಿರಿ’ ಎಂದು ಬಾಯಲ್ಲೇ ಕೇಳುತ್ತಾರೆ. ತರಗತಿಯ ಫ್ರೆಂಚ್ ಜೊತೆ ಅಡುಗೆಮನೆಯ ಕ್ರಿಯಾಪದಗಳನ್ನು ಬೇರೆಯಾಗಿ ಕಲಿಯಿರಿ: ಆಬೆಸೇ ಎಂದರೆ ಹಿಟ್ಟು ಲಟ್ಟಿಸುವುದು, ಫೋಂಸೇ ಎಂದರೆ ಟಾರ್ಟ್ ಬಳೆಗೆ ಹಿಟ್ಟು ಹೊದಿಸುವುದು, ಫ್ರಾಜೇ ಎಂದರೆ ಅಂಗೈಯಿಂದ ಹಿಟ್ಟನ್ನು ಮೇಜಿನ ಮೇಲೆ ಉಜ್ಜಿ ಒಂದಾಗಿಸುವುದು. ಬಿಸಿ ತಟ್ಟೆ ಹಿಡಿದು ಬರುವವರು ‘ಶೋ’ ಎಂದು ಕೂಗುತ್ತಾರೆ, ಬೆನ್ನ ಹಿಂದೆ ಹಾಯುವವರು ‘ದೆರ್ಯೇರ್’ ಎನ್ನುತ್ತಾರೆ. ಇವೆರಡಕ್ಕೆ ಅರ್ಥ ನೆನಪಿಸಿಕೊಳ್ಳುತ್ತಾ ನಿಂತರೆ ಕೈ ಸುಡುತ್ತದೆ.

ಕ್ರೊಸಾಂ: ಹೆಚ್ಚಿನವರು ಎಡವುವ ಜಾಗ

ವರ್ಷದ ಓದಿನಲ್ಲಿ ಅತಿ ಹೆಚ್ಚು ದಿನ ತಿನ್ನುವುದು ಪದರದ ಹಿಟ್ಟು, ಅಂದರೆ ಒಳಗೆ ಬೆಣ್ಣೆಯ ಹಾಳೆ ಇಟ್ಟು ಮಡಚಿ ಮಡಚಿ ಲಟ್ಟಿಸುವ ಹಿಟ್ಟು. ಅರ್ಧಚಂದ್ರದ ಆಕಾರದ ಕ್ರೊಸಾಂ ಆಗುವುದು ಇದರಿಂದಲೇ. ಮೈದಾ 500 ಗ್ರಾಂ, ಉಪ್ಪು 10, ಸಕ್ಕರೆ 60, ತಾಜಾ ಈಸ್ಟ್ 20, ತಣ್ಣನೆಯ ಹಾಲು ಮತ್ತು ನೀರು ಸೇರಿ 260, ಬೆಣ್ಣೆ 50. ಮಡಚುವುದಕ್ಕೆ ಬೇರೆಯಾಗಿ 250 ಗ್ರಾಂ ಬೆಣ್ಣೆ; ಇದಕ್ಕೆ 84 ಶೇಕಡಾ ಕೊಬ್ಬಿರುವ, ಮಡಚುವುದಕ್ಕೆಂದೇ ಮಾರುವ ಬೆಣ್ಣೆ ಸಿಕ್ಕರೆ ಅದನ್ನೇ ಬಳಸಿ, ನೀರಿನಂಶ ಕಡಿಮೆಯಿರುವುದರಿಂದ ಬೇಗ ಮೆತ್ತಗಾಗುವುದಿಲ್ಲ.

ಇಡೀ ಆಟ ಇರುವುದು ಹಿಟ್ಟೂ ಬೆಣ್ಣೆಯೂ ಒಂದೇ ಗಟ್ಟಿತನದಲ್ಲಿರುವುದರಲ್ಲಿ. ಹಿಟ್ಟು ಫ್ರಿಜ್‌ನಿಂದ ನೇರ ಬರಲಿ, ಬೆಣ್ಣೆ 12ರಿಂದ 14 ಡಿಗ್ರಿಯಲ್ಲಿರಲಿ. ಬೆಣ್ಣೆಯ ಹಾಳೆಯನ್ನು ಬಾಗಿಸಿದಾಗ ಬೆಲ್ಟಿನ ಹಾಗೆ ಬಾಗಬೇಕು. ಮುರಿದರೆ ತಣ್ಣಗಿದೆ; ಹಾಗೆಯೇ ಲಟ್ಟಿಸಿದರೆ ಒಳಗೆ ಚೂರುಚೂರಾಗಿ, ಹಿಟ್ಟಿನ ಮೇಲೆ ಅಮೃತಶಿಲೆಯ ಗೆರೆಗಳ ಹಾಗೆ ಕಾಣುತ್ತದೆ. ಬೆರಳಿಗೆ ಅಂಟಿದರೆ ಬಿಸಿಯಾಗಿದೆ. ಅದು ಹಿಟ್ಟಿಗೇ ಇಂಗಿ, ಬೆಂದ ಮೇಲೆ ಪದರದ ಬದಲು ಬನ್ನಿನಂಥ ತಿರುಳು ಬರುತ್ತದೆ. ಒಮ್ಮೆ ನಾಲ್ಕು ಮಡಿಕೆಯಾಗಿ, ಮತ್ತೊಮ್ಮೆ ಮೂರು ಮಡಿಕೆಯಾಗಿ ಮಡಚಿದರೆ ಸಾಕು, 12 ಪದರ ಬೆಣ್ಣೆ ಸಿಗುತ್ತದೆ. ಕೊನೆಗೆ ಮೂರೂವರೆಯಿಂದ ನಾಲ್ಕು ಮಿ.ಮೀ. ದಪ್ಪಕ್ಕೆ ಲಟ್ಟಿಸಿ ತ್ರಿಕೋನ ಕತ್ತರಿಸಿ. ಉಬ್ಬಲು ಇಡುವ ಜಾಗ 26, 27 ಡಿಗ್ರಿ ದಾಟಬಾರದು. ಅವಸರಕ್ಕೆ ಬಿದ್ದು 32ಕ್ಕೆ ಏರಿಸಿದರೆ ಓವನ್‌ಗೆ ಹೋಗುವ ಮುಂಚೆಯೇ ತಟ್ಟೆಯ ಮೇಲೆ ಬೆಣ್ಣೆ ಹರಿದಿರುತ್ತದೆ. ಸರಿಯಾಗಿ ಉಬ್ಬಿದ್ದರೆ ತಟ್ಟೆ ಮೆಲ್ಲಗೆ ಅಲುಗಿಸಿದಾಗ ಕ್ರೊಸಾಂ ಗದಗುಟ್ಟುತ್ತದೆ, ಅಂಚಿನಲ್ಲಿ ಪದರಗಳು ಬಿಚ್ಚಿಕೊಂಡಿರುತ್ತವೆ.

ಇದನ್ನು ಐದು ಗಂಟೆಯ ಪ್ರಾಯೋಗಿಕದಲ್ಲಿ ಕೂರಿಸುವುದು ಹೇಗೆ? ಹಿಂದಿನಿಂದ ಲೆಕ್ಕ ಹಾಕಿ. ಜೋಡಿಸಿ ಒಪ್ಪಿಸುವುದು, ಮೇಜು ಒರೆಸುವುದು 20 ನಿಮಿಷ. ಆರಲು 20. ಬೇಯಲು 20. ಅಲ್ಲಿಗೆ ನಾಲ್ಕನೇ ಗಂಟೆಗೆ ಓವನ್‌ಗೆ ಹೋಗಿರಬೇಕು. ಉಬ್ಬಲು 1 ಗಂಟೆ 50 ನಿಮಿಷ ಕಳೆದರೆ 2 ಗಂಟೆ 10 ನಿಮಿಷಕ್ಕೆ ಸುತ್ತಿ ಮುಗಿದಿರಬೇಕು. ಹಾಗಾಗಬೇಕೆಂದರೆ ಮೊದಲ 20 ನಿಮಿಷದಲ್ಲಿ ಹಿಟ್ಟು ಕಲಸಿ ಫ್ರಿಜ್‌ಗೆ, ಒಂದನೇ ಗಂಟೆಗೆ ನಾಲ್ಕು ಮಡಿಕೆ, 1:25ಕ್ಕೆ ಮೂರು ಮಡಿಕೆ, 1:50ಕ್ಕೆ ಕೊನೆಯ ಲಟ್ಟಣೆ. ನಡುವಿನ ಖಾಲಿ ಹೊತ್ತಿನಲ್ಲಿ ಟಾರ್ಟ್ ಹಿಟ್ಟು, ಕೇಕ್, ಕ್ರೀಮು. ಕೆಲಸದ ಕ್ರಮವನ್ನು ಹೀಗೆ ಬರೆದುಕೊಳ್ಳದೆ ಶುರು ಮಾಡುವವರು ಹೆಚ್ಚಾಗಿ ಟಾರ್ಟ್‌ನಿಂದ ಆರಂಭಿಸುತ್ತಾರೆ, ಏಕೆಂದರೆ ಅದು ಸುಲಭ. ಮೂರನೇ ಗಂಟೆಗೆ ಅವರ ಕ್ರೊಸಾಂ ಇನ್ನೂ ಫ್ರಿಜ್‌ನಲ್ಲಿರುತ್ತದೆ.

ಕ್ರೆಮ್ ಪಾತಿಸಿಯೇರ್, ಅಂದರೆ ಹಾಲು, ಮೊಟ್ಟೆಯ ಹಳದಿ, ಪಿಷ್ಟ ಕಾಯಿಸಿ ಮಾಡುವ ದಪ್ಪ ಕ್ರೀಮಿನ ಬಗ್ಗೆ ಒಂದು ಮಾತು. ದಪ್ಪವಾದ ಕೂಡಲೇ ಇಳಿಸಬೇಡಿ. ಕುದಿ ಬಂದ ಮೇಲೂ ಒಂದೆರಡು ನಿಮಿಷ ಕೈಬಿಡದೆ ತಿರುವಿ. ಹಳದಿ ಲೋಳೆಯಲ್ಲಿರುವ ಅಮೈಲೇಸ್ ಎಂಬ ಕಿಣ್ವ ಉಳಿದುಕೊಂಡರೆ ಪಿಷ್ಟವನ್ನು ಒಡೆದು, ರಾತ್ರಿ ಗಟ್ಟಿಯಿದ್ದ ಕ್ರೀಮು ಬೆಳಿಗ್ಗೆ ನೀರಾಗಿರುತ್ತದೆ. ಆಮೇಲೆ ಅಗಲವಾದ ತಟ್ಟೆಗೆ ತೆಳ್ಳಗೆ ಹರಡಿ, ಪ್ಲಾಸ್ಟಿಕ್ ಹಾಳೆಯನ್ನು ಕ್ರೀಮಿಗೆ ತಾಗುವಂತೆ ಹೊದಿಸಿ ತಣಿಸಿ. 63 ಡಿಗ್ರಿಯಿಂದ 10 ಡಿಗ್ರಿಗೆ ಎರಡು ಗಂಟೆಯೊಳಗೆ ಇಳಿಸಬೇಕೆಂಬುದು ಅಲ್ಲಿಯ ನಿಯಮ, ತೀರ್ಪುಗಾರರ ಮೆಚ್ಚಿನ ಪ್ರಶ್ನೆಯೂ ಹೌದು.

ಸ್ತಾಜ್ ಹಿಡಿಯುವುದು

ಮಿಂಚಂಚೆಗೆ ಉತ್ತರ ಬರುವುದಿಲ್ಲ. ಮಂಗಳವಾರದಿಂದ ಗುರುವಾರದ ನಡುವೆ, ಮಧ್ಯಾಹ್ನದ ಗಡಿಬಿಡಿ ಇಳಿದ ಮೇಲೆ, ಒಂದು ಪುಟದ ಪರಿಚಯ ಪತ್ರ ಹಿಡಿದು ಅಂಗಡಿಗೇ ಹೋಗಿ ಶೆಫ್‌ರನ್ನು ಕೇಳಿ. ವಾರಾಂತ್ಯಕ್ಕೆ ಹೋದರೆ ಬಾಗಿಲಲ್ಲೇ ವಾಪಸ್. ಯಾವ ತಿಂಗಳು ಎಂಬುದೂ ಮುಖ್ಯ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್‌ನ ಬ್ಯೂಶ್ ಕೇಕ್‌ಗಳ ಭರಾಟೆ. ಕೈ ಬೇಕು, ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ಜನವರಿಯಲ್ಲಿ ಗಾಲೆತ್ ದೆ ರುವಾ ಎಂಬ ಪದರದ ಕಡುಬು ದಿನವೂ ರಾಶಿ ರಾಶಿ ಹೋಗುತ್ತದೆ. ಮಡಿಕೆ ಕಲಿಯಲು ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ.

ಮೊದಲ ಎರಡು ವಾರ ಮೊಟ್ಟೆ ಒಡೆಯುವುದು, ಸ್ಟ್ರಾಬೆರಿ ತೊಟ್ಟು ಕೀಳುವುದು, ಪಾತ್ರೆ ತೊಳೆಯುವುದೇ ಇರುತ್ತದೆ. ಹಳೆಯ ಕೆಲಸದಲ್ಲಿ ಹತ್ತು ಜನರ ಮೇಲೆ ಅಧಿಕಾರವಿದ್ದವರಿಗೆ ಇಪ್ಪತ್ತರ ಹುಡುಗ ‘ಮತ್ತೆ ಒರೆಸಿ’ ಅಂದಾಗ ಚುರುಕ್ ಅನ್ನುತ್ತದೆ. ಒರೆಸಿ. ಮೂರನೇ ವಾರವೂ ಅದೇ ಆದರೆ ಹಿಟ್ಟಿನ ಮೇಜಿಗೆ ಹಾಕುವಂತೆ ಬಾಯಿಬಿಟ್ಟು ಕೇಳಿ, ಆಗದಿದ್ದರೆ ಶಾಲೆಯ ಮೇಲ್ವಿಚಾರಕರಿಗೆ ಹೇಳಿ. ಎರಡು ತಿಂಗಳು ಮೀರಿದ ಸ್ತಾಜ್‌ಗೆ ಕನಿಷ್ಠ ಭತ್ಯೆ ಕಡ್ಡಾಯ. ಕೆಲವರು ಎರಡು ತಿಂಗಳಿಗೆ ಸರಿಯಾಗಿ ಮುಗಿಸಿಬಿಡುವುದು ಅದಕ್ಕೇ.

ಉಪಕರಣಗಳನ್ನು ಊರಿಂದ ಹೊತ್ತೊಯ್ಯಬೇಡಿ, ಹೆಚ್ಚಿನ ಶಾಲೆಗಳು ಪೆಟ್ಟಿಗೆ ಕೊಡುತ್ತವೆ. ಸ್ವಂತದ್ದು ಬೇಕಾದದ್ದು ಜಾರದ ಸುರಕ್ಷತಾ ಶೂ, 0.1 ಗ್ರಾಂ ತೂಗುವ ಚಿಕ್ಕ ತಕ್ಕಡಿ, ಚುಚ್ಚು ಥರ್ಮಾಮೀಟರ್, ಜೇಬಿಗೆ ಹಿಡಿಯುವ ಪುಸ್ತಕ. ಶೂ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ.

ಸಿಎಪಿ ತೇರ್ಗಡೆಗೆ 20ಕ್ಕೆ ಸರಾಸರಿ 10 ಬೇಕು. ಒಂದು ಭಾಗ ಕೈಕೊಟ್ಟರೆ ಪಾಸಾದ ಭಾಗದ ಅಂಕವನ್ನು ಐದು ವರ್ಷ ಉಳಿಸಿಕೊಂಡು, ಸೋತದ್ದನ್ನು ಮಾತ್ರ ಮತ್ತೆ ಕಟ್ಟಬಹುದು. ಆದರೆ ಅಂಕ ಉಳಿದರೂ ವೀಸಾ ಉಳಿಯುವುದಿಲ್ಲ. ಮರುಪರೀಕ್ಷೆಯ ವರ್ಷಕ್ಕೂ ವಿದ್ಯಾರ್ಥಿ ಪರವಾನಗಿ ಬೇಕೆಂದರೆ ಶಾಲೆಯ ದಾಖಲಾತಿ ಇರಲೇಬೇಕು, ಹಾಗಾಗಿ ಆ ಒಂದು ವರ್ಷದ ಖರ್ಚನ್ನೂ ಮೊದಲ ದಿನದ ಲೆಕ್ಕದಲ್ಲೇ ಸೇರಿಸಿಡಿ.